ಕಳೆದುಹೋದ ಸಂದೇಶಕ್ಕೆ ಹೊಣೆ ಯಾರು?

ಪರೀಕ್ಷಾ ಶುಲ್ಕದ ನೋಟಿಸ್ ಬೋರ್ಡಿಗೆ ಬಿದ್ದ ಹತ್ತೇ ನಿಮಿಷದಲ್ಲಿ ಅದರ ಫೋಟೋ ಎಲ್ಲ ತರಗತಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ತಲುಪುತ್ತದೆ. ಎಷ್ಟೋ ಸಲ ಫೋಟೋದಲ್ಲಿ ಮೊತ್ತ ಕಾಣುತ್ತದೆ, ಕೊನೆಯ ದಿನಾಂಕ ಕತ್ತರಿಸಿ ಹೋಗಿರುತ್ತದೆ. ಇಲ್ಲವೇ ದಿನಾಂಕ ಇರುತ್ತದೆ, ಅದು ಪ್ರಥಮ ಪಿಯುಗೋ ದ್ವಿತೀಯ ಪಿಯುಗೋ ಎಂದು ಹೇಳುವ ಮೇಲಿನ ಸಾಲು ಇರುವುದಿಲ್ಲ. "ನೋಟಿಸ್ ಬಂತಾ?" ಎಂದು ಕೇಳಿದರೆ ಎಲ್ಲರೂ "ಬಂತು" ಎನ್ನುತ್ತಾರೆ. ಬಂದದ್ದು ನೋಟಿಸಿನ ಒಂದು ತುಂಡು ಮಾತ್ರ ಎಂಬುದು ದಂಡ ಕಟ್ಟುವ ದಿನ ಗೊತ್ತಾಗುತ್ತದೆ.

ಸಂದೇಶವನ್ನು ಕಳುಹಿಸುವುದು ಬೇರೆ, ಸರಿಯಾಗಿ ತಲುಪಿಸುವುದು ಬೇರೆ. ಕಂಪ್ಯೂಟರ್ ಕ್ಷೇತ್ರದಲ್ಲಿ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಸಾಫ್ಟ್‌ವೇರ್ ಕೆಲಸಕ್ಕೇ ಹೋಗುವವರು. ಅವರು ಇಂದೇ ತಿಳಿದುಕೊಳ್ಳಬೇಕಾದ ಒಂದು ವಿಷಯದ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳುತ್ತೇನೆ.

ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ನೀವು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಹಾಕುತ್ತೀರಿ. ಪ್ರಮಾಣಪತ್ರ ಕೊಟ್ಟದ್ದು ಒಂದು ಇಲಾಖೆ, ಅರ್ಜಿ ಪಡೆಯುವುದು ಇನ್ನೊಂದು, ಹಣ ಜಮಾ ಆಗುವುದು ಬ್ಯಾಂಕಿನಲ್ಲಿ. ಒಂದು ಕಡೆಯ ಕಂಪ್ಯೂಟರ್ ಇನ್ನೊಂದು ಕಡೆಯ ಕಂಪ್ಯೂಟರನ್ನು ಕೇಳಬೇಕು, ಉತ್ತರ ಪಡೆಯಬೇಕು, ಮೂರನೆಯದಕ್ಕೆ ತಿಳಿಸಬೇಕು. ಪ್ರತಿಯೊಂದರ ಭಾಷೆ ಬೇರೆ, ಕಡತದ ರೂಪ ಬೇರೆ, ವೇಗ ಬೇರೆ. ಇಂಥ ಯಂತ್ರಗಳ ನಡುವೆ ನಿಂತು ಸಂದೇಶಗಳನ್ನು ಪಡೆದು, ರೂಪ ಬದಲಿಸಿ, ಸರಿಯಾದ ದಾರಿಗೆ ಹಚ್ಚುವ ಕೆಲಸಕ್ಕೆ ಇಂಟಿಗ್ರೇಶನ್ ಎನ್ನುತ್ತಾರೆ. ಅದಕ್ಕೆಂದೇ ತಯಾರಾದ ತಂತ್ರಾಂಶಗಳಿವೆ. ಅವುಗಳಲ್ಲಿ ಹಲವು ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಒಳಗಿನ ಕೋಡನ್ನು ಓದಬಹುದು, ತಿದ್ದುಪಡಿ ಸೂಚಿಸಬಹುದು.

ಅವುಗಳಲ್ಲಿ ಹೆಸರಾದದ್ದು ಅಪಾಚೆ ಕ್ಯಾಮೆಲ್. ಹೆಸರಿನ ಅರ್ಥ ಒಂಟೆಯೇ. ಜೇಮ್ಸ್ ಸ್ಟ್ರಾಚನ್ ಮತ್ತು ಅವರ ಸಂಗಡಿಗರು ಜಾವಾ ಭಾಷೆಯಲ್ಲಿ ಕಟ್ಟಿದ ಇದು 2007ರಲ್ಲಿ ಹೊರಬಂತು. ಇದರ ಹಿಂದೆ ಒಂದು ಪುಸ್ತಕವಿದೆ: ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್ 2003ರಲ್ಲಿ ಪ್ರಕಟಿಸಿದ 'ಎಂಟರ್‌ಪ್ರೈಸ್ ಇಂಟಿಗ್ರೇಶನ್ ಪ್ಯಾಟರ್ನ್ಸ್'. ಸಂದೇಶಗಳನ್ನು ನಿರ್ವಹಿಸುವ 65 ಮಾದರಿಗಳನ್ನು ಅದು ಹೆಸರಿಟ್ಟು ವಿವರಿಸುತ್ತದೆ. ಕಾಗದದ ಮೇಲಿದ್ದ ಆ ಮಾದರಿಗಳನ್ನು ಕೆಲವೇ ಸಾಲುಗಳ ಕೋಡಿನಲ್ಲಿ ಬಳಸಲು ಸಿಗುವಂತೆ ಮಾಡಿದ್ದು ಕ್ಯಾಮೆಲ್.

ಇಂಥ ತಂತ್ರಾಂಶವನ್ನು ಹೊಸದಾಗಿ ಬಳಸುವವರ ಬಾಯಲ್ಲಿ ಪದೇ ಪದೇ ಬರುವ ಮಾತು ಒಂದೇ: "ನನ್ನ ಸಂದೇಶ ಕಾಣೆಯಾಯಿತು." ನನ್ನ ವಾದವೂ ಇಲ್ಲಿಂದಲೇ ಶುರು. ಸಂದೇಶ ತಾನಾಗಿ ಕಾಣೆಯಾಗುವುದು ಅಪರೂಪ. ಬಹಳಷ್ಟು ಸಲ ದಾರಿಯಲ್ಲಿ ಯಾರೋ ಒಬ್ಬರು, ಬಿಡುತ್ತಿದ್ದೇನೆ ಎಂಬ ಅರಿವಿಲ್ಲದೆ, ಅದನ್ನು ಬಿಟ್ಟಿರುತ್ತಾರೆ. ಹಾಗೆ ಬಿಡುವ ಜಾಗಗಳು ನಾಲ್ಕು. ಆ ನಾಲ್ಕನ್ನೂ ಅರ್ಥ ಮಾಡಿಕೊಳ್ಳಲು ಬೇಕಾದ ಪಾಠ ನಮ್ಮ ಪಿಯು ಪುಸ್ತಕದಲ್ಲೇ ಇದೆ.

ಲಕೋಟೆ ಮತ್ತು ಪತ್ರ

ಕ್ಯಾಮೆಲ್‌ನಲ್ಲಿ ಒಂದು ಸಂದೇಶಕ್ಕೆ ಮುಖ್ಯವಾಗಿ ಎರಡು ಭಾಗಗಳು: ಬಾಡಿ ಮತ್ತು ಹೆಡರ್‌ಗಳು. ಬಾಡಿ ಎಂದರೆ ಒಳಗಿನ ಪತ್ರ. ಹೆಡರ್ ಎಂದರೆ ಲಕೋಟೆಯ ಮೇಲಿನ ಬರಹ: ಯಾರಿಂದ ಬಂತು, ಯಾವ ಕಡತದ ಹೆಸರು, ಯಾವ ರೂಪದಲ್ಲಿದೆ, ಮುಂದೆ ಎಲ್ಲಿಗೆ ಹೋಗಬೇಕು. ಇವೆರಡನ್ನೂ ಹೊತ್ತು ದಾರಿಯುದ್ದಕ್ಕೂ ಸಾಗುವ ಚೀಲಕ್ಕೆ ಎಕ್ಸ್‌ಚೇಂಜ್ ಎಂದು ಹೆಸರು. ದಾರಿಯಲ್ಲಿ ಏನಾದರೂ ತಪ್ಪಾದರೆ ಅದರ ವಿವರವೂ ಇದೇ ಚೀಲದಲ್ಲಿ ಸೇರುತ್ತದೆ.

ಹಳೆಯ ಆವೃತ್ತಿಗಳ ಚೀಲದಲ್ಲಿ ಎರಡು ಜೇಬುಗಳಿದ್ದವು. ಬಂದ ಸಂದೇಶಕ್ಕೆ 'ಇನ್', ಹೋಗುವ ಸಂದೇಶಕ್ಕೆ 'ಔಟ್'. ಕೇಳಲು ಅಚ್ಚುಕಟ್ಟಾಗಿದೆ. ಆದರೆ 'ಔಟ್' ಜೇಬಿಗೆ ಹೊಸ ಪತ್ರ ಹಾಕಿದರೆ ಹಳೆಯ ಲಕೋಟೆಯ ಮೇಲಿನ ಬರಹ ತಾನಾಗಿ ಅದಕ್ಕೆ ಬರುತ್ತಿರಲಿಲ್ಲ. ಹೆಡರ್‌ಗಳನ್ನು ನೀವೇ ನಕಲು ಮಾಡಬೇಕಿತ್ತು. ಮರೆತರೆ ಮುಂದಿನ ಹಂತಕ್ಕೆ ವಿಳಾಸವಿಲ್ಲದ ಪತ್ರ ಹೋಗುತ್ತಿತ್ತು. ಇನ್ನೂ ಒಂದು ಅಪಾಯವಿತ್ತು. ಒಳಗೆ ಏನಿದೆ ಎಂದು ನೋಡಲೆಂದೇ ಪ್ರೋಗ್ರಾಮರ್ 'ಗೆಟ್‌ಔಟ್' ಎಂದು ಕರೆದರೂ ಸಾಕು, ಆ ಕ್ಷಣವೇ ಒಂದು ಖಾಲಿ 'ಔಟ್' ಸಂದೇಶ ಹುಟ್ಟಿಕೊಂಡು, ಮುಂದಿನ ಹಂತಕ್ಕೆ ಆ ಖಾಲಿ ಸಂದೇಶವೇ ಹೋಗುತ್ತಿತ್ತು. ಇಣುಕಿ ನೋಡಿದ್ದಕ್ಕೇ ಪತ್ರ ಮಾಯ!

ಇದು ನಮ್ಮ ವಾಟ್ಸ್‌ಆ್ಯಪ್ ಫೋಟೋದ ಕಥೆಯೇ. ಪತ್ರ ತಲುಪಿತು, ಲಕೋಟೆ ಕಳೆಯಿತು. ಬಂದ ಸಂದೇಶವನ್ನೇ ತಿದ್ದಿ ಮುಂದೆ ಕಳುಹಿಸಿ ಎಂದು ಕ್ಯಾಮೆಲ್ ತಂಡ ವರ್ಷಗಳ ಕಾಲ ಕೈಪಿಡಿಯಲ್ಲಿ ಎಚ್ಚರಿಸುತ್ತಾ ಬಂತು. ಕೊನೆಗೆ 2019ರ ಕೊನೆಯಲ್ಲಿ ಬಂದ 3ನೇ ಆವೃತ್ತಿಯಲ್ಲಿ 'ಗೆಟ್‌ಔಟ್' ಬಳಕೆಯನ್ನು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿ, 'ಗೆಟ್‌ಮೆಸೇಜ್' ಎಂಬ ಒಂದೇ ದಾರಿಯನ್ನು ಬಳಸಿ ಎಂದಿತು. ಇದು ಸರಿಯಾದ ತೀರ್ಮಾನ ಎಂಬುದು ನನ್ನ ಅನಿಸಿಕೆ. ನೂರು ಜನ ಒಂದೇ ಮೆಟ್ಟಿಲಲ್ಲಿ ಎಡವಿದರೆ, "ನೋಡಿ ನಡೆಯಿರಿ" ಎಂಬ ಬೋರ್ಡು ಹಾಕಿ ಕೂರುವುದಕ್ಕಿಂತ ಮೆಟ್ಟಿಲನ್ನು ಸರಿಪಡಿಸುವುದು ಮೇಲು.

ಒಮ್ಮೆ ಓದಿದರೆ ಖಾಲಿ

ದ್ವಿತೀಯ ಪಿಯು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಪೈಥಾನ್‌ನಲ್ಲಿ ಫೈಲ್ ಹ್ಯಾಂಡ್ಲಿಂಗ್ ಓದಿದ್ದೀರಿ. ಒಂದು ಕಡತವನ್ನು ತೆರೆದು 'ರೀಡ್' ಎಂದರೆ ಪೂರ್ತಿ ಪಠ್ಯ ಬರುತ್ತದೆ. ಅದೇ ಸಾಲನ್ನು ಕೂಡಲೇ ಇನ್ನೊಮ್ಮೆ ಬರೆದರೆ ಏನು ಬರುತ್ತದೆ? ಖಾಲಿ ಸ್ಟ್ರಿಂಗ್. ಕಡತ ಅಳಿಸಿಹೋಗಿಲ್ಲ. ಓದುವ ಸೂಚಕ ಕೊನೆಗೆ ಹೋಗಿ ನಿಂತಿದೆ, ಅಷ್ಟೇ. 'ಸೀಕ್' ಬಳಸಿ ಅದನ್ನು ಸೊನ್ನೆಗೆ ತಂದರೆ ಮತ್ತೆ ಓದಬಹುದು.

ನೆಟ್‌ವರ್ಕ್ ಮೂಲಕ ಬರುವ ಸಂದೇಶವೂ ಎಷ್ಟೋ ಸಲ ಇಂಥ ಹರಿವಾಗಿಯೇ ಬರುತ್ತದೆ. ಇದಕ್ಕೆ ಸ್ಟ್ರೀಮ್ ಎನ್ನುತ್ತಾರೆ. ಇಲ್ಲಿ ಸೂಚಕವನ್ನು ಹಿಂದಕ್ಕೆ ತರುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ನಲ್ಲಿಯಿಂದ ಬಿದ್ದ ನೀರಿನ ಹಾಗೆ, ಹಿಡಿದವರಿಗೆ ಸಿಕ್ಕಿತು, ಹಿಂದೆ ನಿಂತವರಿಗೆ ಇಲ್ಲ. ಕ್ಯಾಮೆಲ್ ಬಳಸುವವರು ಪರೀಕ್ಷೆಗೆಂದು ದಾರಿಯ ನಡುವೆ ಒಂದು ಲಾಗ್ ಸಾಲು ಹಾಕುತ್ತಾರೆ. ಲಾಗ್‌ನಲ್ಲಿ ಸಂದೇಶ ಪೂರ್ತಿ ಕಾಣುತ್ತದೆ. ಮುಂದಿನ ಹಂತಕ್ಕೆ ಹೋದದ್ದು ಮಾತ್ರ ಖಾಲಿ! ಏಕೆಂದರೆ ಲಾಗ್ ಸಾಲೇ ಸ್ಟ್ರೀಮನ್ನು ಓದಿ ಮುಗಿಸಿಬಿಟ್ಟಿದೆ. ಇದಕ್ಕೆ ಪರಿಹಾರ ಸ್ಟ್ರೀಮ್ ಕ್ಯಾಶಿಂಗ್. ಬಂದದ್ದನ್ನು ಒಂದು ಪಾತ್ರೆಯಲ್ಲಿ ಹಿಡಿದಿಟ್ಟುಕೊಂಡು ಎಷ್ಟು ಸಲ ಬೇಕಾದರೂ ಓದುವ ವ್ಯವಸ್ಥೆ ಅದು. ಸಂದೇಶ ಬಹಳ ದೊಡ್ಡದಾದರೆ ಮೆಮೊರಿಯ ಬದಲು ಡಿಸ್ಕಿನಲ್ಲಿ ಇಡುವಂತೆಯೂ ಹೇಳಬಹುದು. ಹಿಂದೆ ಇದನ್ನು ನಾವೇ ಚಾಲೂ ಮಾಡಬೇಕಿತ್ತು, 3.17ನೇ ಆವೃತ್ತಿಯಿಂದ ಅದು ಚಾಲೂ ಆಗಿಯೇ ಬರುತ್ತದೆ.

ಲಾಗ್ ಬಗ್ಗೆ ಇನ್ನೊಂದು ಮಾತು. ಸಂದೇಶವನ್ನು ಪೂರ್ತಿ ಲಾಗ್‌ನಲ್ಲಿ ಮುದ್ರಿಸುವುದು ಸುಲಭ. ಆದರೆ ಅದರೊಳಗೆ ಒಬ್ಬ ವಿದ್ಯಾರ್ಥಿನಿಯ ಆಧಾರ್ ಸಂಖ್ಯೆ, ತಂದೆಯ ಫೋನ್ ನಂಬರ್, ಬ್ಯಾಂಕ್ ಖಾತೆ ಇರಬಹುದು. ಲಾಗ್ ಕಡತವನ್ನು ನೋಡುವವರು ಹಲವರು. ಪರರ ಪತ್ರವನ್ನು ತಲುಪಿಸುವ ಕೆಲಸ ಸಿಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಗೋಡೆಗೆ ಅಂಟಿಸುವ ಹಕ್ಕು ಸಿಗುವುದಿಲ್ಲ. ಸಂದೇಶದ ಗುರುತಿನ ಸಂಖ್ಯೆಯನ್ನಷ್ಟೇ ಬರೆದರೆ ಹುಡುಕಲು ಅಷ್ಟು ಸಾಕು.

ತಲುಪದ ಪತ್ರ ಎಲ್ಲಿಗೆ ಹೋಗಬೇಕು?

ವಿಳಾಸದಾರರೂ ಸಿಗದೆ, ಕಳುಹಿಸಿದವರಿಗೂ ಹಿಂದಿರುಗಿಸಲಾಗದ ಪತ್ರಗಳಿಗೆ ಅಂಚೆ ಇಲಾಖೆಯಲ್ಲಿ ರಿಟರ್ನ್ಡ್ ಲೆಟರ್ ಆಫೀಸ್ ಇದೆ. ಹಿಂದೆ ಇಂಥ ಕಚೇರಿಯನ್ನು ಡೆಡ್ ಲೆಟರ್ ಆಫೀಸ್ ಎನ್ನುತ್ತಿದ್ದರು. ಪತ್ರವನ್ನು ಪೋಸ್ಟ್‌ಮ್ಯಾನ್ ದಾರಿಯಲ್ಲಿ ಎಸೆದು ಬರುವಂತಿಲ್ಲ, ಅದು ಒಂದು ಕಡೆ ಜಮೆಯಾಗಬೇಕು, ಯಾರಾದರೂ ಅದನ್ನು ನೋಡಬೇಕು ಎಂಬುದು ಅದರ ಹಿಂದಿನ ನಿಯಮ. ಇಂಟಿಗ್ರೇಶನ್ ಮಾದರಿಗಳಲ್ಲಿ ಡೆಡ್ ಲೆಟರ್ ಚಾನೆಲ್ ಎಂಬುದು ಇದೇ. ಸಂದೇಶ ತಲುಪದಿದ್ದರೆ ಎಷ್ಟು ಸಲ, ಎಷ್ಟು ಅಂತರದಲ್ಲಿ ಮತ್ತೆ ಪ್ರಯತ್ನಿಸಬೇಕು, ಆಮೇಲೂ ಆಗದಿದ್ದರೆ ಎಲ್ಲಿ ಇಡಬೇಕು ಎಂದು ಅಲ್ಲಿ ಹೇಳಿಡುತ್ತೇವೆ. ಇದನ್ನು ಹೇಳದೆ ಬಿಟ್ಟರೆ ಕ್ಯಾಮೆಲ್ ತಾನಾಗಿ ಮರುಪ್ರಯತ್ನ ಮಾಡುವುದಿಲ್ಲ, ದೋಷವನ್ನು ಕರೆದವರಿಗೆ ಹಿಂದಿರುಗಿಸುತ್ತದೆ.

ಇಲ್ಲಿ ಮೂರು ಸೂಕ್ಷ್ಮಗಳಿವೆ. ಮೊದಲನೆಯದು, ಎಲ್ಲ ದೋಷಕ್ಕೂ ಮರುಪ್ರಯತ್ನ ಮದ್ದಲ್ಲ. ಆಚೆಯ ಸರ್ವರ್ ಐದು ನಿಮಿಷ ಬಂದ್ ಆಗಿದ್ದರೆ ಮತ್ತೆ ಕಳುಹಿಸುವುದು ಸರಿ. ಜನ್ಮದಿನಾಂಕ ಫೆಬ್ರವರಿ 31 ಎಂದಿದ್ದರೆ ನೂರು ಸಲ ಕಳುಹಿಸಿದರೂ ಅದು ಸರಿಯಾಗದು. ಎರಡನೆಯದು, ದಾರಿಯ ಮಧ್ಯೆ ಸಂದೇಶದ ರೂಪ ಅರ್ಧ ಬದಲಾಗಿರುತ್ತದೆ. ವಿಫಲವಾದಾಗ ಆ ಅರ್ಧ ಬೆಂದದ್ದನ್ನು ಎತ್ತಿಟ್ಟರೆ ಮತ್ತೆ ಬಳಸುವುದು ಕಷ್ಟ. ಮೊದಲು ಬಂದ ಹಾಗೆಯೇ ಇರುವ ಮೂಲ ಸಂದೇಶವನ್ನು ಎತ್ತಿಡಿ ಎಂದು ಹೇಳಲು ಕ್ಯಾಮೆಲ್‌ನಲ್ಲಿ ಅವಕಾಶವಿದೆ, ಅದನ್ನು ಬಳಸಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಂದೇಶ ಡೆಡ್ ಲೆಟರ್ ಚಾನೆಲ್‌ಗೆ ಹೋದ ಮೇಲೆ ದೋಷವನ್ನು ನಿಭಾಯಿಸಿ ಆಯಿತು ಎಂದೇ ಲೆಕ್ಕ, ಕಳುಹಿಸಿದವರಿಗೆ ದೂರು ಹೋಗುವುದಿಲ್ಲ. ಆದ್ದರಿಂದ ಆ ಪೆಟ್ಟಿಗೆಯನ್ನು ದಿನವೂ ತೆರೆದು ನೋಡುವ ಒಬ್ಬ ಮನುಷ್ಯ ಇರಲೇಬೇಕು. ಯಾರೂ ತೆರೆಯದ ಡೆಡ್ ಲೆಟರ್ ಪೆಟ್ಟಿಗೆ, ಬೀಗದ ಕೀಲಿ ಕಳೆದುಹೋದ ಸಲಹಾ ಪೆಟ್ಟಿಗೆಯಿದ್ದಂತೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ನಮ್ಮ ಪಠ್ಯದ ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಪಾಠದಲ್ಲಿ 'ಟ್ರೈ' ಮತ್ತು 'ಎಕ್ಸೆಪ್ಟ್' ಕಲಿಯುತ್ತೀರಿ. ಕೆಲವರು 'ಎಕ್ಸೆಪ್ಟ್' ಕೆಳಗೆ 'ಪಾಸ್' ಎಂದು ಬರೆದು ಸುಮ್ಮನಾಗುತ್ತಾರೆ. ಕೆಂಪು ಅಕ್ಷರದ ದೋಷ ಪರದೆಯಿಂದ ಹೋಗುತ್ತದೆ, ಪ್ರೋಗ್ರಾಮ್ ಓಡುತ್ತದೆ, ಅಂಕವೂ ಬರುತ್ತದೆ. ಆ ಒಂದು ಪದ ಹೇಳುವುದು ಇಷ್ಟೇ: "ಏನು ಬೇಕಾದರೂ ಆಗಲಿ, ಯಾರಿಗೂ ತಿಳಿಯದಿರಲಿ." ಮುಂದೆ ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ ವೈದ್ಯರಿಗೆ ತಲುಪದೇ ಇದ್ದಾಗ, ಅದರ ಕಾರಣ ಇಂಥದೇ ಒಂದು ಪದವಾಗಿರಬಹುದು.

ಎರಡು ಸಲ ಬಂದರೆ?

ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಕಳುಹಿಸಿದಿರಿ. ಚಕ್ರ ತಿರುಗುತ್ತಲೇ ಇದೆ, ಉತ್ತರ ಬರಲಿಲ್ಲ. ಇಲ್ಲಿ ಎರಡು ಸಾಧ್ಯತೆ. ನಿಮ್ಮ ಕೋರಿಕೆಯೇ ತಲುಪದಿರಬಹುದು. ಅಥವಾ ಕೋರಿಕೆ ತಲುಪಿ, ಹಣ ಹೋಗಿ, "ಆಯಿತು" ಎಂಬ ಉತ್ತರ ಮಾತ್ರ ದಾರಿಯಲ್ಲಿ ನಿಂತಿರಬಹುದು. ಇತ್ತ ಕಡೆ ನಿಂತವರಿಗೆ ಇವೆರಡರ ನಡುವೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಮತ್ತೆ ಕಳುಹಿಸಿದರೆ ಎರಡು ಸಲ ಆಗುವ ಭಯ, ಕಳುಹಿಸದಿದ್ದರೆ ಒಮ್ಮೆಯೂ ಆಗದಿರುವ ಭಯ. ಯಂತ್ರಗಳ ನಡುವೆಯೂ ಇದೇ ಇಕ್ಕಟ್ಟು.

ಇದರಿಂದ ಹೊರಬರುವ ದಾರಿಯನ್ನು ಎರಡೂ ಕಡೆಯವರು ಸೇರಿ ಮಾಡಬೇಕು. ಕಳುಹಿಸುವವರು ಪ್ರತಿ ಸಂದೇಶಕ್ಕೂ ಒಂದು ಗುರುತು ಕೊಡಬೇಕು, ಮತ್ತೆ ಕಳುಹಿಸುವಾಗಲೂ ಅದೇ ಗುರುತು ಇರಬೇಕು. ಪಡೆಯುವವರು ಆ ಗುರುತನ್ನು ಬರೆದಿಟ್ಟುಕೊಂಡು, ಎರಡನೆಯ ಸಲ ಬಂದರೆ "ಇದು ಆಗಲೇ ಆಗಿದೆ" ಎಂದು ಬದಿಗಿಡಬೇಕು. ಯುಪಿಐ ವ್ಯವಹಾರದಲ್ಲಿ ನಿಮಗೆ ಕಾಣುವ 12 ಅಂಕಿಗಳ ರೆಫರೆನ್ಸ್ ಸಂಖ್ಯೆ ಅಂಥ ಒಂದು ಗುರುತು. ಕ್ಯಾಮೆಲ್‌ನಲ್ಲಿ ಪಡೆಯುವವರ ಈ ಮಾದರಿಗೆ ಐಡೆಂಪೊಟೆಂಟ್ ಕನ್ಸ್ಯೂಮರ್ ಎಂದು ಹೆಸರು.

ಗುರುತು ಯಾವುದಿರಬೇಕು ಎಂಬುದರಲ್ಲೇ ಜಾಣ್ಮೆ. ಹೆಸರನ್ನೇ ಗುರುತಾಗಿ ಇಟ್ಟುಕೊಂಡರೆ? ನಮ್ಮ ಹಾಜರಿ ಪುಸ್ತಕ ತೆರೆದು ಮೊಹಮ್ಮದ್ ಎಂದು, ಫಾತಿಮಾ ಎಂದು ಶುರುವಾಗುವ ಹೆಸರುಗಳನ್ನು ಎಣಿಸಿ ನೋಡಿ, ಉತ್ತರ ಸಿಗುತ್ತದೆ. ರಿಜಿಸ್ಟರ್ ಸಂಖ್ಯೆ ಇಟ್ಟುಕೊಂಡರೆ? ಒಬ್ಬನೇ ವಿದ್ಯಾರ್ಥಿ ಪರೀಕ್ಷಾ ಶುಲ್ಕವನ್ನೂ ಮರುಮೌಲ್ಯಮಾಪನದ ಶುಲ್ಕವನ್ನೂ ಕಟ್ಟಿದರೆ ಎರಡನೆಯ ನಿಜವಾದ ಪಾವತಿಯೂ ತಿರಸ್ಕಾರವಾಗುತ್ತದೆ. ಆಯಾ ಪಾವತಿಗೇ ಸೇರಿದ ಸಂಖ್ಯೆ ಬೇಕು. ಬರೆದಿಡುವ ಜಾಗವೂ ಮುಖ್ಯ. ಕ್ಯಾಮೆಲ್ ಮೆಮೊರಿಯಲ್ಲಿ ಇಡುವ ಪಟ್ಟಿ, ನಾವು ಬೇರೆ ಹೇಳದಿದ್ದರೆ, 1000 ಗುರುತುಗಳಿಗೆ ಸೀಮಿತ. ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದರೆ ಅದೂ ಖಾಲಿ. ಅಭ್ಯಾಸಕ್ಕೆ ಅದು ಸಾಕು. ಹಣದ ವ್ಯವಹಾರಕ್ಕೆ ಡೇಟಾಬೇಸ್‌ನಲ್ಲೇ ಬರೆದಿಡಬೇಕು.

ಉಪಕರಣದ ತಪ್ಪೋ, ಬಳಸುವವರ ತಪ್ಪೋ?

"ತಂತ್ರಾಂಶವೇ ಎಲ್ಲವನ್ನೂ ಸರಿಯಾಗಿ ಮಾಡಬೇಕು, ಬಳಸುವವರು ಇಷ್ಟೆಲ್ಲ ಏಕೆ ತಿಳಿಯಬೇಕು?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ನ್ಯಾಯವಿದೆ. 'ಗೆಟ್‌ಔಟ್' ಬದಲಾದದ್ದು, ಸ್ಟ್ರೀಮ್ ಕ್ಯಾಶಿಂಗ್ ತಾನಾಗಿ ಚಾಲೂ ಆದದ್ದು, ಬಳಸುವವರು ಎಡವಿದ ಅನುಭವವನ್ನು ತಂಡ ಗಂಭೀರವಾಗಿ ತೆಗೆದುಕೊಂಡಿದ್ದರಿಂದಲೇ. ಸರಿಯಾದ ದಾರಿ ಸುಲಭದ ದಾರಿಯೂ ಆಗಿರುವಂತೆ ನೋಡಿಕೊಳ್ಳುವುದು ಉಪಕರಣ ಮಾಡುವವರ ಹೊಣೆ.

ಆದರೆ ಕೆಲವು ಪ್ರಶ್ನೆಗಳಿಗೆ ಉಪಕರಣ ಉತ್ತರ ಕೊಡಲಾರದು. ಯಾವ ಸಂಖ್ಯೆ ಗುರುತಾಗಬೇಕು? ಎಷ್ಟು ಸಲ ಮರುಪ್ರಯತ್ನ? ಡೆಡ್ ಲೆಟರ್ ಪೆಟ್ಟಿಗೆ ನೋಡುವವರು ಯಾರು? ಲಾಗ್‌ನಲ್ಲಿ ಏನನ್ನು ಬರೆಯಬಾರದು? ಇವು ಆ ಕೆಲಸವನ್ನೂ, ಆ ಕೆಲಸದಿಂದ ಬಾಧಿತರಾಗುವ ಜನರನ್ನೂ ಬಲ್ಲವರು ಮಾತ್ರ ಉತ್ತರಿಸಬಹುದಾದ ಪ್ರಶ್ನೆಗಳು. ತಂತ್ರಾಂಶ ಓಪನ್ ಸೋರ್ಸ್ ಆಗಿದ್ದರೆ ನಮ್ಮ ಹೊಣೆ ಇನ್ನೂ ಹೆಚ್ಚು. ಬಾಗಿಲು ತೆರೆದಿದೆ, ಕೈಪಿಡಿ ತೆರೆದಿದೆ, ಕೋಡ್ ತೆರೆದಿದೆ. ಹೀಗಿದ್ದೂ "ಒಳಗೆ ಏನಾಯಿತೋ ಗೊತ್ತಿಲ್ಲ" ಎಂದರೆ ಆ ಮಾತಿಗೆ ಬೆಲೆ ಇರುವುದಿಲ್ಲ.

"ಇದೆಲ್ಲ ಎಂಜಿನಿಯರಿಂಗ್‌ನವರಿಗೆ, ಪಿಯು ಮಕ್ಕಳಿಗೇಕೆ?" ಎಂಬುದು ಇನ್ನೊಂದು ಆಕ್ಷೇಪ. ಕ್ಯಾಮೆಲ್ ಅನ್ನೇ ಈಗ ಕಲಿಯಿರಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಜಾವಾ ಬೇಕು, ಸಮಯ ಬೇಕು. ಆದರೆ ಕ್ಯೂ, ಫೈಲ್, ಎಕ್ಸೆಪ್ಶನ್, ನೆಟ್‌ವರ್ಕ್ ಎಂಬ ನಾಲ್ಕು ಪಾಠಗಳು ನಮ್ಮ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಕೂತಿವೆ. ಅವನ್ನು ಒಂದೇ ದಾರಕ್ಕೆ ಪೋಣಿಸುವ ವಿಷಯವೇ ಸಂದೇಶ ನಿರ್ವಹಣೆ. ಈ ಸಂಬಂಧ ಕಂಡವರಿಗೆ ಪಾಠ ನೆನಪಿರುತ್ತದೆ, ಪರೀಕ್ಷೆಯ ಮರುದಿನವೂ.

ನಮ್ಮ ಲ್ಯಾಬ್‌ನಲ್ಲಿ ಏನು ಮಾಡಬಹುದು?

ನನ್ನ ಸಲಹೆಗಳು ಮೂರು. ಹೊಸ ಕಂಪ್ಯೂಟರ್ ಬೇಡ, ಹೆಚ್ಚುವರಿ ಖರ್ಚು ಬೇಡ.

ಒಂದು, ಪ್ರತಿ ಪ್ರಾಕ್ಟಿಕಲ್ ಪ್ರೋಗ್ರಾಮಿನ ಔಟ್‌ಪುಟ್ ಜೊತೆಗೆ ರೆಕಾರ್ಡ್ ಪುಸ್ತಕದಲ್ಲಿ ಇನ್ನೊಂದು ಭಾಗ ಇರಲಿ: "ತಪ್ಪಾದಾಗ ಏನಾಗುತ್ತದೆ?" ಖಾಲಿ ಇನ್‌ಪುಟ್ ಕೊಟ್ಟಾಗ, ಕಡತ ಇಲ್ಲದಾಗ, ಒಂದೇ ಮಾಹಿತಿ ಎರಡು ಸಲ ಬಂದಾಗ ಪ್ರೋಗ್ರಾಮ್ ಏನು ಮಾಡಿತು ಎಂದು ವಿದ್ಯಾರ್ಥಿ ಓಡಿಸಿ ನೋಡಿ ಬರೆಯಲಿ. ಇದಕ್ಕೆ ಇಂಟರ್ನಲ್ ಅಂಕಗಳಲ್ಲಿ ಒಂದೆರಡು ಅಂಕ ಮೀಸಲಿಡುವ ಬಗ್ಗೆ ವಿಭಾಗದವರು ಯೋಚಿಸಬೇಕು.

ಎರಡು, ಪ್ರಾಜೆಕ್ಟ್‌ಗೆ ಒಂದು ಸಣ್ಣ ಅಂಚೆ ವ್ಯವಸ್ಥೆಯನ್ನು ಪೈಥಾನ್‌ನಲ್ಲಿ ಕಟ್ಟಬಹುದು. ಒಂದು ಕ್ಯೂ, ಪ್ರತಿ ಸಂದೇಶಕ್ಕೆ ಗುರುತು, ಹೆಡರ್ ಮತ್ತು ಬಾಡಿ, ವಿಫಲವಾದವುಗಳಿಗೆ ಬೇರೆ ಪಟ್ಟಿ. ಮೂವರ ತಂಡ ಮಾಡಿ: ಒಬ್ಬರು ಕಳುಹಿಸುವ ಭಾಗ ಬರೆಯಲಿ, ಇನ್ನೊಬ್ಬರು ಪಡೆಯುವ ಭಾಗ. ಮೂರನೆಯವರ ಕೆಲಸ ಬೇಕೆಂದೇ ಸಂದೇಶಗಳನ್ನು ಕೆಡಿಸುವುದು, ಎರಡೆರಡು ಸಲ ಕಳುಹಿಸುವುದು. ಮೂರನೆಯವರ ಎದುರು ನಿಲ್ಲಬಲ್ಲ ಪ್ರೋಗ್ರಾಮೇ ಗಟ್ಟಿಯಾದ ಪ್ರೋಗ್ರಾಮ್.

ಮೂರು, ದೋಷ ಬಂದಾಗ ಅದನ್ನು ಮುಚ್ಚಿದವರಿಗಿಂತ ತೋರಿಸಿದವರನ್ನು ಮೆಚ್ಚುವ ವಾತಾವರಣ ಬರಲಿ. ಇದು ವಿದ್ಯಾರ್ಥಿಗಳಿಗಿಂತ ಸಿಬ್ಬಂದಿಗೆ ಹೆಚ್ಚು ಅನ್ವಯಿಸುವ ಮಾತು. ಕೆಂಪು ಅಕ್ಷರ ಕಂಡರೆ ಬೈಯುವ ಲ್ಯಾಬ್‌ನಲ್ಲಿ ಮಕ್ಕಳು 'ಪಾಸ್' ಎಂದು ಬರೆಯುವುದನ್ನೇ ಕಲಿಯುತ್ತಾರೆ.

ಪ್ರತಿ ಸಂದೇಶದ ತುದಿಯಲ್ಲೂ ಕಾಯುತ್ತಿರುವ ಒಬ್ಬ ಮನುಷ್ಯ ಇರುತ್ತಾನೆ. ವಿದ್ಯಾರ್ಥಿವೇತನ ಜಮಾ ಆಗಲಿ ಎಂದು ಕಾಯುವ ಹುಡುಗಿ, ಸೀಟು ಖಚಿತವಾಯಿತೇ ಎಂದು ಕೇಳುವ ತಂದೆ. ಅವರಿಗೆ ಸರ್ವರ್, ಸ್ಟ್ರೀಮ್, ಹೆಡರ್ ಯಾವುದೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರ ಪರವಾಗಿ ತಿಳಿದಿರಬೇಕಾದವರು ನಾವು. ಆದ್ದರಿಂದ ಮುಂದಿನ ಲ್ಯಾಬ್ ಅವಧಿಗೆ ಬರುವಾಗ ರೆಕಾರ್ಡ್ ಪುಸ್ತಕದ ಒಳಪುಟದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ: ಲಕೋಟೆ ಜೊತೆಗಿದೆಯೇ? ನಾನು ಓದಿದ ಮೇಲೆ ಮುಂದಿನವರಿಗೆ ಉಳಿದಿದೆಯೇ? ತಲುಪದಿದ್ದರೆ ಯಾರಿಗೆ ತಿಳಿಯುತ್ತದೆ? ಎರಡು ಸಲ ಬಂದರೆ ಏನಾಗುತ್ತದೆ?